ಚಂಪಕ್ಕನ ಪಾಲಿನ ಅಳು

ಡಾ. ಇಂದುಮತಿ ಕೊಣ್ಣೂರ ತನ್ನ ಒಡಹುಟ್ಟಿದ ಅಕ್ಕನ ಮಣಿಕಟ್ಟಿಗೆ ಕಪ್ಪು ಪಟ್ಟಿ ಕಟ್ಟಿ ಮುಂದಿನ ಸ್ಟ್ರೆಚರಿನ ಕಡೆಗೆ ನಡೆದಳು. ಅವಳಿಗೆ ಏನೂ ಅನಿಸಲಿಲ್ಲ. ಅನಿಸಬಾರದೆಂದೇ ಅವಳ ಬಲಗಿವಿಯ ಹಿಂದೆ ಹಳೆಯ ನಾಲ್ಕಾಣೆಯಷ್ಟಗಲದ ಬಿಲ್ಲೆಯೊಂದನ್ನು ಅಂಟಿಸಿದ್ದರು. ಬಿಲ್ಲೆ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡುತ್ತಿತ್ತು.

ಕೃಷ್ಣಾ ನದಿ ಹೊನ್ನಿಹಾಳದ ಹಳೆಪೇಟೆಯನ್ನೆಲ್ಲ ಹೊಕ್ಕು ಕುಳಿತಿತ್ತು. ಊರಿನಲ್ಲಿ ಎತ್ತರದ ಜಾಗವೆಂದರೆ ಕೃಷಿ ಮಾರುಕಟ್ಟೆಯ ಅಂಗಳವೊಂದೇ. ಅಲ್ಲಿಯೇ ಸೇನೆಯವರ ಡೇರೆಗಳು, ಅಲ್ಲಿಯೇ ತಾಲ್ಲೂಕು ಆಸ್ಪತ್ರೆಯ ಮಂಚಗಳು. ಹಿಂದಿನ ಪ್ರವಾಹಗಳಲ್ಲಿ ಸೇನೆಯ ವೈದ್ಯರದು ಒಂದು ದಾರಿಯಾದರೆ ಸರ್ಕಾರಿ ವೈದ್ಯರದು ಇನ್ನೊಂದು ದಾರಿಯಾಗಿತ್ತು. ಒಬ್ಬ ಗಾಯಾಳುವಿಗೆ ಎರಡೆರಡು ಸಲ ಚುಚ್ಚುಮದ್ದು ಬಿದ್ದರೆ ಇನ್ನೊಬ್ಬ ಎರಡೂ ಡೇರೆಗಳ ನಡುವೆ ಬಿದ್ದು ಸಾಯುತ್ತಿದ್ದ. ಅದರಿಂದ ಬುದ್ಧಿ ಕಲಿತು ಈ ಸಲ ಇಬ್ಬರನ್ನೂ ಒಂದೇ ಸೂರಿನಡಿ ತಂದು ಸಂಯುಕ್ತ ವಿಪತ್ತು ಚಿಕಿತ್ಸಾ ಶಿಬಿರ ಎಂದು ಉದ್ದನೆಯ ಹೆಸರಿಟ್ಟಿದ್ದರು. ಔಷಧ ಒಂದೇ, ದೋಣಿ ಒಂದೇ, ಆಜ್ಞೆ ಒಂದೇ. ಊಟ ಮಾತ್ರ ಬೇರೆ. ಅವರಿಗೆ ಪೂರಿ, ಇವರಿಗೆ ರೊಟ್ಟಿ.

ಇಂದುಮತಿ ತಾಲ್ಲೂಕು ಆಸ್ಪತ್ರೆಯ ವೈದ್ಯಾಧಿಕಾರಿ. ಶಿಬಿರದಲ್ಲಿ ಅವಳ ಪಾಲಿಗೆ ಬಂದದ್ದು ವಿಂಗಡಣೆಯ ಕೆಲಸ. ದೋಣಿಯಿಂದ ಇಳಿದವರನ್ನು ನೋಡಿ ಕೈಗೆ ಬಣ್ಣದ ಪಟ್ಟಿ ಕಟ್ಟುವುದು. ಕೆಂಪು ಎಂದರೆ ಈಗಲೇ ಒಳಗೆ, ಹಳದಿ ಎಂದರೆ ಕಾಯಬಹುದು, ಹಸಿರು ಎಂದರೆ ನಡೆದು ಹೋಗಬಹುದು. ಕಪ್ಪು ಎಂದರೆ ಇವರ ಮೇಲೆ ಹೊತ್ತು ಕಳೆದರೆ ಬದುಕುವ ಇನ್ನೊಬ್ಬರು ಸಾಯುತ್ತಾರೆ.

ಬಿಳಿಗಟ್ಟಿ ಹಳ್ಳಿಯಿಂದ ಬಂದ ದೋಣಿಯಲ್ಲಿ ಚಂಪಕ್ಕ ಇದ್ದಳು. ಗೋಡೆ ಎದೆಯ ಮೇಲೆ ಕುಸಿದಿತ್ತು. ಇಂದುಮತಿ ನಾಡಿ ಹಿಡಿದಳು, ಕಣ್ಣು ನೋಡಿದಳು, ಉಸಿರಿನ ಸದ್ದು ಕೇಳಿದಳು. ಕಪ್ಪು. ತಾಯಿ ಇಲ್ಲದ ತಂಗಿಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು, ತನ್ನ ಮದುವೆಯಾದ ಮೇಲೂ ಹುಬ್ಬಳ್ಳಿಯ ಹಾಸ್ಟೆಲಿಗೆ ರೊಟ್ಟಿಯ ಗಂಟು ಮುಟ್ಟಿಸಿದವಳು ಈ ಚಂಪಕ್ಕ ಎಂಬುದು ಅವಳಿಗೆ ಮರೆತಿರಲಿಲ್ಲ. ನೆನಪೆಲ್ಲ ಇದ್ದಲ್ಲಿಯೇ ಇತ್ತು.

“ಇಂದೂ, ಕೈ ಎಷ್ಟ್ ತಣ್ಣಗಾಗ್ಯಾವ ನಿನ್ನೂ. ಉಂಡೀಯಿಲ್ಲೋ?” ಎಂದಳು ಚಂಪಕ್ಕ, ತಂಗಿಯ ಬಲಗೈ ಹಿಡಿದುಕೊಂಡು.

“ಉಂಡೀನಕ್ಕಾ,” ಎಂದಳು ಇಂದುಮತಿ. ಪಟ್ಟಿಯ ಗಂಟು ಬಿಗಿಮಾಡಿ, ಕೈ ಬಿಡಿಸಿಕೊಂಡು ಎದ್ದಳು. ಮುಂದಿನವನು ಕಾಲು ಮುರಿದ ಮುದುಕ. ಅವನಿಗೆ ಹಳದಿ. ಅದರಾಚೆ ರಕ್ತ ಸುರಿಯುತ್ತಿದ್ದ ಬಸುರಿ. ಅವಳಿಗೆ ಕೆಂಪು. ಆ ಬಸುರಿ ಬದುಕಿದಳು. ವಿಂಗಡಣೆ ಸರಿಯಾಗಿತ್ತು ಎಂಬುದರಲ್ಲಿ ಯಾರಿಗೂ, ಇಂದುಮತಿಗೂ, ಅನುಮಾನವಿರಲಿಲ್ಲ.

ಈ ಬಿಲ್ಲೆಯ ಶಾಸ್ತ್ರೋಕ್ತ ಹೆಸರು ಭಾವಧಾರಕ. ಭಯವಾಗಲಿ ದುಃಖವಾಗಲಿ ಮನಸ್ಸಿಗೆ ತಿಳಿಯುವ ಮೊದಲು ಮೈಗೆ ತಿಳಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಗಂಟಲು ಕಟ್ಟುತ್ತದೆ, ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮಿದುಳಿನಿಂದ ಹೊಟ್ಟೆಯವರೆಗೆ ಅಲೆಯುವ ನರವೊಂದು ಈ ಸುದ್ದಿಗಳನ್ನು ಮೇಲಕ್ಕೂ ಕೆಳಕ್ಕೂ ಸಾಗಿಸುತ್ತದೆ. ಅದರ ಸಣ್ಣ ಕವಲು ಕಿವಿಯ ಬಳಿ ಹಾದುಹೋಗುತ್ತದೆ. ಭಾವಧಾರಕ ಅಲ್ಲಿ ಕಾದು ಕುಳಿತು ಸುದ್ದಿಯನ್ನು ಹಿಡಿದು ತನ್ನೊಳಗೆ ತುಂಬಿಕೊಳ್ಳುತ್ತದೆ. ನೆನಪಿನ ತಂಟೆಗೆ ಅದು ಹೋಗುವುದಿಲ್ಲ. ಆದದ್ದೆಲ್ಲ ನೆನಪಿರುತ್ತದೆ, ಆದರೆ ಆದದ್ದಕ್ಕೆ ಅನಿಸಬೇಕಾದದ್ದು ಬಿಲ್ಲೆಯಲ್ಲಿರುತ್ತದೆ.

ಹಾಗೆ ಹಿಡಿದದ್ದನ್ನು ಅಳಿಸಿಬಿಡಬಹುದಲ್ಲ ಎಂದು ಮೊದಮೊದಲು ಸಂಶೋಧನಾಲಯದವರು ಅಳಿಸಿಯೂ ನೋಡಿದ್ದರು. ಅಳಿಸಿಕೊಂಡ ಸೈನಿಕರು ರಜೆಗೆ ಊರಿಗೆ ಹೋಗಿ ಹೆಂಡತಿ ಮಕ್ಕಳನ್ನು ಗೋಡೆಯ ಕ್ಯಾಲೆಂಡರಿನಂತೆ ನೋಡುತ್ತ ಕುಳಿತುಬಿಟ್ಟರು. ಅದಕ್ಕೇ ಈಗಿನ ನಿಯಮ: ಕಾರ್ಯಾಚರಣೆ ಮುಗಿದ ಮೇಲೆ ಹಿಡಿದಿಟ್ಟ ಭಾವವನ್ನು ಆಯಾ ಮನುಷ್ಯನಿಗೆ ಹನಿಹನಿಯಾಗಿ ವಾಪಸು ಹರಿಸಬೇಕು. ಅದಕ್ಕೆ ಮರುಹರಿವು ಎಂದು ಹೆಸರು. ಸೈನಿಕ ಯುದ್ಧ ಮುಗಿದ ಮೇಲೆ ಅಳಲಿ, ಆದರೆ ಅಳಲೇಬೇಕು ಎಂಬುದು ಅದರ ಹಿಂದಿನ ವಿಚಾರ. ಸೈನಿಕನಿಗೆ ಒಗ್ಗಿದ್ದು ವೈದ್ಯರಿಗೂ ಒಗ್ಗೀತೆಂದು ಈ ಸಲ ಆಸ್ಪತ್ರೆಯವರ ಕಿವಿಗೂ ಅಂಟಿಸಿದ್ದರು.

ಚಂಪಕ್ಕ ತೀರಿಕೊಂಡಳು. ಅವಳ ಮಣ್ಣಿಗೆ ಹೋಗಲು ಇಂದುಮತಿಗೆ ಸ್ವಲ್ಪ ಹೊತ್ತಿನ ಬಿಡುವು ಸಿಕ್ಕಿತು. ಸೇನೆಯ ದೋಣಿಯೇ ಅವಳನ್ನು ಬಿಳಿಗಟ್ಟಿಯ ದಿಬ್ಬಕ್ಕೆ ಬಿಟ್ಟಿತು. ಆ ಕಡೆಯ ಹಳ್ಳಿಗಳಲ್ಲಿ ಒಂದು ರೂಢಿಯಿದೆ. ಹೆಣ್ಣುಮಗಳು ತೀರಿಕೊಂಡರೆ ತವರಿನವರು ಬಂದು ಮೊದಲು ಅಳಬೇಕು. ಸುಮ್ಮನೆ ಕಣ್ಣೀರು ಹಾಕುವುದಲ್ಲ. ಸತ್ತವಳ ಗುಣಗಳನ್ನು ಒಂದೊಂದೇ ಎತ್ತಿ ಹಾಡ್ಯಾಡಿಕೊಂಡು ಅಳಬೇಕು. ತವರಿನವರು ದನಿ ತೆಗೆದ ಮೇಲೆಯೇ ಗಂಡನ ಮನೆಯ ಹೆಂಗಸರು ದನಿಗೂಡಿಸುವುದು. ಚಂಪಕ್ಕನಿಗೆ ಉಳಿದ ತವರೆಂದರೆ ಇಂದುಮತಿ ಒಬ್ಬಳೇ.

ಹೆಂಗಸರು ಕಾದರು. ಇಂದುಮತಿ ಅಕ್ಕನ ಮುಖ ನೋಡಿದಳು. ಗದ್ದಕ್ಕೆ ಕಟ್ಟಿದ ಬಟ್ಟೆ ಸಡಿಲಾಗಿತ್ತು, ಅದನ್ನು ಸರಿಮಾಡಿದಳು. ನಿಂತಳು. ಅಳು ಬರಲಿಲ್ಲ. ಬಾರದ ಅಳುವನ್ನು ಬರಿಸಿಕೊಳ್ಳಬೇಕೆಂದೂ ಅನಿಸಲಿಲ್ಲ.

ಚಂಪಕ್ಕನ ಗಂಡ ಗುರುಲಿಂಗಪ್ಪ ಅವಳನ್ನೇ ನೋಡುತ್ತಿದ್ದ. ದೊಡ್ಡ ಮೈಯ, ಸಣ್ಣ ದನಿಯ ಮನುಷ್ಯ. ಕಡೆಗೆ ಅವನು ಹಿಂದೆ ತಿರುಗಿ, “ಡಾಕ್ಟರ್ ಬಾಯಾರು ಬಂದಾರ. ಅವರಿಗೊಂದು ಕುರ್ಚಿ ಹಾಕ್ರಿ,” ಎಂದ. ಸಾವಿನ ಮನೆಯಲ್ಲಿ ಅಧಿಕಾರಿಗಳಿಗಷ್ಟೇ ಕುರ್ಚಿ. ಇಂದುಮತಿ ಕುಳಿತಳು. ಅದು ಅವಮಾನವೆಂದು ಅವಳಿಗೆ ತಿಳಿಯಿತು, ತಾಗಲಿಲ್ಲ. ಹೆಂಗಸರು ಬಾಯಿ ತೆರೆಯಲಿಲ್ಲ. ಚಂಪಕ್ಕನನ್ನು ಆ ಮನೆಯಿಂದ ಸದ್ದಿಲ್ಲದೆ ಎತ್ತಿದರು.

ನೀರು ಇಳಿಯುವ ಹೊತ್ತಿಗೆ ಮಹಾನವಮಿ ಬಂತು. ಆ ದಿನ ಆಯುಧಪೂಜೆ. ಸೇನೆಯಲ್ಲಿಯೂ ಅದುಂಟು, ಆಸ್ಪತ್ರೆಯಲ್ಲಿಯೂ ಉಂಟು. ಇಷ್ಟು ದಿನ ಊಟದಲ್ಲಿ ಒಂದಾಗದವರು ಪೂಜೆಯಲ್ಲಿ ಒಂದಾದರು. ಆಂಬುಲೆನ್ಸ್ ಡ್ರೈವರ್ ಶಿವಯೋಗಿ ಬಾಳೆಕಂಬ ಕಟ್ಟಿದ, ಸೇನೆಯ ಸುಬೇದಾರರು ಚೆಂಡುಹೂ ತರಿಸಿದರು. ದೋಣಿಯ ಎಂಜಿನ್ನು, ಹುಟ್ಟು, ಕತ್ತರಿ, ಸ್ಟೆತಾಸ್ಕೋಪು ಎಲ್ಲಕ್ಕೂ ಸ್ನಾನವಾಯಿತು, ವಿಭೂತಿಯಾಯಿತು.

“ಮೇಡಮ್ಮಾರ, ನಮ್ಮನ್ನ ಇಷ್ಟು ದಿನ ಕಾದದ್ದು ಈ ಬಿಲ್ಲೇನಽ ಅಲ್ಲೇನ್ರಿ? ಅದನ್ನ ಬಿಟ್ಟು ಹೆಂಗ್ ಪೂಜಿ ಮಾಡೂದು?” ಎಂದು ಶಿವಯೋಗಿ ಕೇಳಿದ.

“ಇಡ್ರಿ,” ಎಂದಳು ಇಂದುಮತಿ.

ಎಲ್ಲರ ಬಿಲ್ಲೆಗಳೂ ಚಾರ್ಜಿಗೆಂದು ಹಲಗೆಯ ಮೇಲೆ ಸಾಲಾಗಿದ್ದವು. ಚರ್ಮಕ್ಕೆ ಅಂಟಿದ ತೆಳು ಪೊರೆಯೊಂದು ಕಿವಿಯ ಹಿಂದೆಯೇ ಉಳಿದು ಅರ್ಧ ದಿನದ ಮಟ್ಟಿಗೆ ಕೆಲಸ ಸಾಗಿಸುತ್ತದೆ, ಬಿಲ್ಲೆಯನ್ನು ತೆಗೆದರೆ ಬಾಧೆಯಿಲ್ಲ. ಯಾವ ಬಿಲ್ಲೆ ಯಾರದು ಎಂಬುದು ಹಲಗೆಯ ಮೇಲೆ ಬರೆದಿತ್ತು, ಬಿಲ್ಲೆಯ ಮೇಲಲ್ಲ. ಶಿವಯೋಗಿ ಎಲ್ಲವನ್ನೂ ಒಂದು ಬೋಗುಣಿಗೆ ಸುರಿದು, ಒದ್ದೆ ಬಟ್ಟೆಯಿಂದ ಒರೆಸಿ, ಬಾಳೆಲೆಯ ಮೇಲೆ ಹರಡಿ, ಒಂದೊಂದಕ್ಕೂ ಕುಂಕುಮದ ಬೊಟ್ಟಿಟ್ಟ. ಮಂಗಳಾರತಿ ಆದ ಮೇಲೆ ಕೈಗೆ ಬಂದ ಹಾಗೆ ವಾಪಸು ಜೋಡಿಸಿದ. ನೋಡುತ್ತಿದ್ದವರಲ್ಲಿ ಒಬ್ಬರಾದರೂ, ಅಯ್ಯೋ ನನ್ನದು ಯಾವುದು ಎಂದು ಗಾಬರಿಯಾಗಬೇಕಿತ್ತು. ಆಗಲಿಲ್ಲ. ಗಾಬರಿಯೆಲ್ಲ ಬಿಲ್ಲೆಗಳಲ್ಲಿಯೇ ಇತ್ತಲ್ಲ!

ಮರುಹರಿವಿಗೆ ಪಕ್ಕದ ಶಾಲೆಯ ಕೋಣೆಯೊಂದನ್ನು ಸಜ್ಜು ಮಾಡಿದ್ದರು. ಅದನ್ನು ನಡೆಸುವವಳು ಮೇಜರ್ ಚೋಂದಮ್ಮ. ಕೊಡಗಿನವಳು, ಸೇನೆಯ ವೈದ್ಯೆ, ಭಾವಧಾರಕವನ್ನು ರೂಪಿಸಿದ ತಂಡದಲ್ಲಿ ಒಬ್ಬಳು. ಮರುಹರಿವಿನ ಹೊತ್ತಿಗೆ ಮನೆಯವರೊಬ್ಬರು ಹತ್ತಿರವಿರಬೇಕೆಂದು ನಿಯಮ. ಇಂದುಮತಿ ಮದುವೆಯಾಗಿರಲಿಲ್ಲ. ಮನೆಯವರೆಂದು ಅವಳು ಬರೆಸಿದ್ದು ಅಕ್ಕನ ಹೆಸರನ್ನು. ಹಾಗಾಗಿ ಚೋಂದಮ್ಮ ತಾನೇ ಬಿಳಿಗಟ್ಟಿಗೆ ಹೋಗಿ ಗುರುಲಿಂಗಪ್ಪನನ್ನು ಒಪ್ಪಿಸಿ ಕರೆತಂದಿದ್ದಳು. ಶಾಲೆಯ ಜಗಲಿಯಲ್ಲಿ ಕುಳಿತು ಅವನು ಅವಳನ್ನು ವಿಚಾರಿಸಿಕೊಂಡ.

“ಅಂದ್ರ, ಆಕಿ ಅಳೂದನ್ನ ನೀವು ಡಬ್ಬ್ಯಾಗ ಹಾಕಿ ಇಟ್ಟೀರಿ?”

“ಹಾಗೇ ಅಂದುಕೊಳ್ಳಿ. ಅವರಿಗೆ ದುಃಖ ಇಲ್ಲ ಅಂತಲ್ಲ. ತಡೆದು ಇಟ್ಟಿದ್ದೇವೆ, ಅಷ್ಟೆ.”

“ಯಾಕ ತಡದ್ರಿ?”

“ಆವತ್ತು ಅವರು ಅಳುತ್ತ ಕೂತಿದ್ದರೆ ಹಿಂದೆ ಇದ್ದವರು ಸಾಯುತ್ತಿದ್ದರು.”

ಗುರುಲಿಂಗಪ್ಪ ಟವೆಲಿನ ಅಂಚನ್ನು ಹಿಂಡಿದ. “ಆಕಿ ಮಾಡಿದ್ದು ತಪ್ಪಂತ ನಾ ಅನ್ನೂದಿಲ್ರಿ. ಕಪ್ಪ ಪಟ್ಟಿ ಕಟ್ಟಿದ್ದೂ ಖರೇ ಇರಬಹುದು. ಆದ್ರ ನನ್ನ ಹೇಣ್ತಿ ಅನಾಥ ಹೆಣದಂಗ ಹೋದ್ಲು. ಮಣ್ಣಿಗೆ ಬಂದ ಮಂದಿ ಒಬ್ಬರ ಮುಖ ಒಬ್ಬರು ನೋಡಿದ್ರು. ಹಿಂಗ ಯಾರ ಹೋಗ್ತಾರ್ರಿ?”

“ಇವತ್ತು ಅಳುತ್ತಾರೆ. ನೀವು ಹತ್ತಿರ ಇರಿ,” ಎಂದಳು ಚೋಂದಮ್ಮ.

“ಅತ್ತರ ನಮ್ಮ ಮನೀಗಿ ಕರಕೊಂಡ ಹೋಗ್ತೀನಿ,” ಎಂದ ಗುರುಲಿಂಗಪ್ಪ. “ಹೆಂಗಸರು ಇನ್ನೂ ಬಾಯಿ ಕಟಗೊಂಡು ಕುಂತಾವ.”

ಇಂದುಮತಿ ಒಳಗೆ ಮಂಚದ ಮೇಲೆ ಮಲಗಿ ಇದೆಲ್ಲವನ್ನೂ ಕೇಳಿಸಿಕೊಂಡಳು. ಅವಳಿಗೆ ಬೇಕಾದದ್ದು ಇದೊಂದೇ. ಬೇಕು ಎಂದು ಅನಿಸುತ್ತಿರಲಿಲ್ಲ, ಬೇಕೆಂದು ಗೊತ್ತಿತ್ತು. ಅಕ್ಕನಿಗಾಗಿ ಅಳದೆ ತಾನು ಅಕ್ಕನ ಮನೆಯ ಹೊಸಿಲು ದಾಟುವ ಹಾಗಿಲ್ಲ ಎಂಬುದನ್ನು ಅವಳು ಲೆಕ್ಕದ ಹಾಗೆ ಬಿಡಿಸಿ ತಿಳಿದುಕೊಂಡಿದ್ದಳು. ಬರುವ ನೋವು ಎಷ್ಟಿರಬಹುದೆಂದೂ ವೈದ್ಯೆಯಾಗಿ ಊಹಿಸಿದ್ದಳು. ಬರಲಿ ಎಂದು ಕಾದು ಮಲಗಿದಳು.

ಚೋಂದಮ್ಮ ಬಿಲ್ಲೆಯನ್ನು ಕೂರಿಸಿ ಹರಿವು ಬಿಟ್ಟಳು.

ಮೊದಲು ಬಂದದ್ದು ಚಳಿ. ಎದೆಮಟ್ಟದ ನೀರಿನಲ್ಲಿ ನಿಂತ ಚಳಿ. ಆಮೇಲೆ ಅಂಗೈಯಲ್ಲಿ ಉರಿ, ಹಗ್ಗ ಜಾರಿದ ಹಾಗೆ. ಆಮೇಲೆ ಎರಡೂ ತೋಳುಗಳ ಮೇಲೆ ಏನೋ ಭಾರ ಬಿದ್ದು, ಆ ಭಾರ ಮಿಸುಕಿತು. ಅಷ್ಟೇ, ಹೊಟ್ಟೆಯ ಆಳದಿಂದ ಬಿಸಿಯಾದದ್ದೊಂದು ಉಕ್ಕಿ ಎದೆ ದಾಟಿ ಬಾಯಿಗೆ ಬಂತು. ಇಂದುಮತಿ ನಕ್ಕಳು. ಸಣ್ಣದಾಗಿ ಅಲ್ಲ, ಕೋಣೆ ತುಂಬುವಂತೆ ನಕ್ಕಳು. ಜಗತ್ತಿನಲ್ಲಿ ಎಲ್ಲವೂ ಸರಿಯಾಗಿಬಿಟ್ಟಿದೆ, ಇನ್ನು ಏನೂ ಕೆಡಲಾರದು ಎನಿಸುವ ಸಂತೋಷ ಅದು. ಅಷ್ಟು ಸಂತೋಷವನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ನಗುತ್ತ ನಗುತ್ತ ಅವಳಿಗೆ ಗುರುಲಿಂಗಪ್ಪ ಬಾಗಿಲಲ್ಲಿ ನಿಂತದ್ದು ಕಾಣಿಸಿತು. ನಿಲ್ಲಿಸಬೇಕೆಂದರೂ ನಗು ನಿಲ್ಲಲಿಲ್ಲ.

“ನಗಾಕತ್ತಾಳ,” ಎಂದ ಗುರುಲಿಂಗಪ್ಪ. ಸಿಟ್ಟಿರಲಿಲ್ಲ ದನಿಯಲ್ಲಿ. ಚಪ್ಪಲಿ ಮೆಟ್ಟಿಕೊಂಡು ಅಂಗಳ ದಾಟಿ ಹೋದ.

ನಗು ಇಳಿದ ಮೇಲೆ ಇಂದುಮತಿ ಗೋಡೆಗೆ ಒರಗಿ ಕುಳಿತಳು. ಬಿಲ್ಲೆ ಖಾಲಿಯಾಗಿತ್ತು. ಅವಳಿಗೆ ಈಗ ಬಾಯಾರಿಕೆ ತಿಳಿಯಿತು, ಕಿಟಕಿಯ ಬಿಸಿಲು ಕಣ್ಣು ಚುಚ್ಚಿತು, ಮಾವ ಗುರುಲಿಂಗಪ್ಪನ ಎದುರು ನಕ್ಕದ್ದಕ್ಕೆ ನಾಚಿಕೆ ಸುಟ್ಟಿತು. ಅಂದರೆ ಹೊಸದಾಗಿ ಆಗುವುದೆಲ್ಲ ಅನಿಸುತ್ತಿತ್ತು. ಚಂಪಕ್ಕನನ್ನು ನೆನೆದಳು. ಅಲ್ಲಿ ಮಾತ್ರ ಏನೂ ಇರಲಿಲ್ಲ. ಹಲ್ಲು ಕಿತ್ತ ಜಾಗವನ್ನು ನಾಲಿಗೆ ಸವರಿದ ಹಾಗೆ ಮತ್ತೆ ಮತ್ತೆ ಸವರಿ ನೋಡಿದಳು.

“ಇದು ನನ್ನದಲ್ಲ,” ಎಂದಳು. ಚಳಿ, ಹಗ್ಗ, ತೋಳಿನ ಭಾರ, ಬಂದದ್ದನ್ನೆಲ್ಲ ಬಿಡಿಸಿ ಹೇಳಿದಳು.

ಚೋಂದಮ್ಮ ಆಗಲೇ ಬೆವರುತ್ತಿದ್ದಳು. “ತೋಳಿನ ಮೇಲೆ ಭಾರ ಅಂದಿರಿ. ಹಗ್ಗ ಅಂದಿರಿ. ನೀವು ದೋಣಿಯ ಹಗ್ಗ ಹಿಡಿದಿದ್ದೀರಾ?”

“ಇಲ್ಲ. ನವಮಿ ದಿನ ಬಿಲ್ಲೆಗಳನ್ನೆಲ್ಲ ಪೂಜೆಗೆ ಇಟ್ಟಿದ್ವಿ.”

ಚೋಂದಮ್ಮ ಮಂಚದ ತುದಿಯಲ್ಲಿ ಕುಳಿತುಬಿಟ್ಟಳು. “ನಾನೂ ಅಲ್ಲೇ ಇದ್ದೆ. ಪ್ರಸಾದ ತಿಂದೆ.”

“ಮನುಷ್ಯರ ಗುರುತು ಹಿಡಿಯೋ ಬೀಗ ಇರ್ತದಲ್ರಿ ಇದಕ್ಕ? ಬೇರೆಯವರ ಬಿಲ್ಲೆ ಕೂರಿಸಿದರೆ ತೆಗೆದುಕೊಳ್ಳಬಾರದು.”

“ಇತ್ತು. ಬೀಗದ ಸಂಕೇತ ಸೇನೆಯ ಗುಟ್ಟು, ಹೊರಗಿನವರಿಗೆ ಕೊಡುವ ಹಾಗಿಲ್ಲ. ಗುಟ್ಟು ತಿಳಿಸದ ಯಂತ್ರವನ್ನು ನಿಮ್ಮ ಇಲಾಖೆ ತನ್ನ ಸಿಬ್ಬಂದಿಗೆ ಅಂಟಿಸುವ ಹಾಗಿಲ್ಲ. ಮೂರು ಸಭೆ ಆಯಿತು. ಕಡೆಗೆ ಎರಡೂ ಕಡೆಯವರು ಸೌಹಾರ್ದದಿಂದ ಬೀಗವನ್ನೇ ತೆಗೆದುಹಾಕಿದರು. ಎಲ್ಲರೂ ಕೈಕುಲುಕಿದರು.” ಚೋಂದಮ್ಮ ಮುಖ ಒರೆಸಿಕೊಂಡಳು. “ಇಷ್ಟು ಜನರಿಗೆ ಮರುಹರಿವು ಮುಗಿದಿದೆ ಇಂದುಮತಿ. ಡ್ರೈವರುಗಳು, ನರ್ಸುಗಳು, ಜವಾನರು. ಒಬ್ಬರೂ ದೂರು ಹೇಳಲಿಲ್ಲ. ಬಂದದ್ದನ್ನೆಲ್ಲ ತಮ್ಮದೇ ಅಂದುಕೊಂಡು ಅತ್ತು ಮನೆಗೆ ಹೋಗಿದ್ದಾರೆ.”

“ಒಬ್ಬರೂ?”

“ಒಬ್ಬ ಇದ್ದಾನೆ,” ಎಂದಳು ಚೋಂದಮ್ಮ. “ದೋಣಿ ಪಡೆಯ ಹವಾಲ್ದಾರ್ ಚೌಡರೆಡ್ಡಿ. ಕೋಲಾರದ ಕಡೆಯವನು. ಮರುಹರಿವಿನ ನಂತರ ಸರಿಯಾಗಿ ಊಟ ಮಾಡುತ್ತಿಲ್ಲ. ಯಾರೋ ಸತ್ತಿದ್ದಾರೆ, ಯಾರು ಅಂತ ಹೇಳಿ ಅಂತ ಬಂದವರನ್ನೆಲ್ಲ ಕೇಳುತ್ತಾನೆ. ಪ್ರವಾಹದ ಆಘಾತ ಅಂತ ಬರೆದು ಗುಳಿಗೆ ಕೊಟ್ಟೆ.”

“ಅವನಿಂದ ವಾಪಸ್ ತಗೊಳ್ಳೋಕಾಗ್ತದೇನು?”

“ಆಗುವುದಿಲ್ಲ. ಹರಿದ ಮೇಲೆ ಅದು ಅವನ ಮೈಯದಾಯಿತು. ಅವನು ಉಂಡ ಅನ್ನವನ್ನು ನಿಮ್ಮ ಹೊಟ್ಟೆಗೆ ಹೇಗೆ ಹಾಕಲಿ?”

“ಅಂದ್ರೆ ನಾನು ಅಕ್ಕನಿಗಾಗಿ ಇನ್ನು ಅಳೋದೇ ಇಲ್ಲ.”

ಚೋಂದಮ್ಮ ಖಾಲಿ ಬಿಲ್ಲೆಯನ್ನು ಕಳಚಿ ತೆಗೆದಳು. ಇಂದುಮತಿಗೆ ಅದು ದುಃಖವಾಗಿ ತಟ್ಟಬೇಕಿತ್ತು. ತಟ್ಟಿದ್ದು ಒಂದು ಬಗೆಯ ಬೇಸರ, ಊರಿಗೆ ಹೋಗುವ ಕಡೆಯ ಬಸ್ಸು ಕಣ್ಣೆದುರೇ ಹೊರಟುಹೋದಾಗ ಆಗುವಂಥದ್ದು.

ಚೌಡರೆಡ್ಡಿ ಮಾರುಕಟ್ಟೆಯ ಉಗ್ರಾಣದ ಹಿಂದೆ, ಮಗುಚಿ ಹಾಕಿದ ದೋಣಿಯ ಮೇಲೆ ಕುಳಿತಿದ್ದ. ನಲವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಆಳು. ಕಣ್ಣು ಬಾತಿದ್ದವು. ವೈದ್ಯೆ ಬಂದಳೆಂದು ಎದ್ದು ಸೆಲ್ಯೂಟ್ ಹೊಡೆಯಲು ಹೋಗಿ, ಕೈ ಅರ್ಧಕ್ಕೇ ನಿಲ್ಲಿಸಿದ.

“ಕೂತ್ಕೊಳ್ರಿ,” ಎಂದಳು ಇಂದುಮತಿ. “ಏನಾಗ್ತದ ನಿಮಗ?”

“ಏನಂತ ಯೋಳ್ಲಿ ಮೇಡಂ. ನಮ್ಮೋರು ಯಾರೋ ಹೋದಂಗಾಗ್ತದೆ. ಹೊರಗಿನೋರಲ್ಲ, ಒಳಗಿನೋರೇ. ಊರಿಗೆ ಫೋನ್ ಮಾಡಿ ಒಬ್ಬೊಬ್ರನ್ನೂ ವಿಚಾರಿಸ್ದೆ. ಅಮ್ಮ ಅವ್ಳೆ, ಹೆಂಡ್ತಿ ಅವ್ಳೆ, ಮಕ್ಳವ್ರೆ. ಅತ್ತೆ ಮಾವ, ಷಡ್ಡಕ, ಎಲ್ರೂ ಚೆನ್ನಾಗವ್ರೆ. ಫೋನ್ ಮಡಗಿದ್ ತಕ್ಷಣ ಮತ್ತೆ ಅಳು.” ಅವನು ತನ್ನ ಬಲಗೈಯನ್ನು ಎತ್ತಿ ನೋಡಿಕೊಂಡ. “ಈ ಕೈನ ಯಾರೋ ಹಿಡ್ಕೊಂಡವ್ರೆ ಅನ್ನಿಸ್ತದೆ. ನಾನೇ ಬಿಡಿಸ್ಕೊಂಡ್ ಬಂದ್ಬಿಟ್ಟೆ ಅನ್ನಿಸ್ತದೆ. ನಾನ್ಯಾಕ್ ಬಿಡಿಸ್ಕೊಂಡೆ ಮೇಡಂ? ಊಟಕ್ ಕೂತ್ರೆ ಸಾಕು, ಉಂಡ್ಯಾ ಅಂತ ಯಾರೋ ಕೇಳ್ದಂಗಾಗಿ ಗಂಟ್ಲಲ್ಲಿ ಇಳಿಯಲ್ಲ.”

ಇಂದುಮತಿ ಅವನ ಕೈಯನ್ನು ನೋಡಿದಳು. ತನ್ನ ನೋವನ್ನು ಇಷ್ಟು ಹತ್ತಿರದಿಂದ, ಇಷ್ಟು ಸ್ಪಷ್ಟವಾಗಿ, ಬೇರೆಯವರ ಮೈಯಲ್ಲಿ ಕಾಣುವುದು ಅವಳಿಗೆ ಹೊಸದು. ಅಯ್ಯೋ ಪಾಪ ಎನಿಸಿತು, ಅವನ ಬಗ್ಗೆ. ಅದರ ಬೆನ್ನಿಗೇ ಹೊಟ್ಟೆಕಿಚ್ಚೂ ಆಯಿತು.

“ಆಕಿ ನಮ್ಮಕ್ಕ,” ಎಂದಳು. “ಹೆಸರು ಚಂಪಾವತಿ. ಚಂಪಕ್ಕ ಅಂತೀವಿ. ಕೈ ಬಿಡಿಸ್ಕೊಂಡಾಕಿ ನಾನು. ನೀವಲ್ಲ.”

ಅವಳು ಎಲ್ಲವನ್ನೂ ಹೇಳಿದಳು. ಬಿಲ್ಲೆ, ಬಾಳೆಲೆ, ಬೀಗ, ಕಪ್ಪು ಪಟ್ಟಿ, ಅವನದೇ ಇರಬೇಕಾದ ಹಗ್ಗದ ಉರಿ ತನಗೆ ಬಂದದ್ದು. ಗುರುಲಿಂಗಪ್ಪನ ಮನೆಯ ಹೆಂಗಸರು ಬಾಯಿ ಕಟ್ಟಿಕೊಂಡು ಕುಳಿತದ್ದನ್ನೂ ಹೇಳಿದಳು. ಯಂತ್ರದ ವಿಷಯ ಚೌಡರೆಡ್ಡಿಗೆ ಎಷ್ಟು ತಿಳಿಯಿತೋ, ಹೆಸರು ಸಿಕ್ಕಿದ್ದಕ್ಕೆ ಮಾತ್ರ ಅವನ ಭುಜಗಳು ಸಡಿಲಾದವು. “ಚಂಪಕ್ಕ,” ಎಂದು ತನ್ನಷ್ಟಕ್ಕೇ ಅಂದುಕೊಂಡ. ಕಣ್ಣೀರು ಧಾರಾಳವಾಗಿ ಇಳಿಯಿತು. ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

“ಎಲ್ಲಿ ಮಣ್ಣ್ ಮಾಡವ್ರೆ ಮೇಡಂ? ಒಂದ್ಸಲ ನೋಡ್ಬೇಕು.”

“ಮೊದಲು ಮನೀಗಿ ಹೋಗೋಣ,” ಎಂದಳು ಇಂದುಮತಿ. ಇದನ್ನು ಕೇಳಬೇಕೆಂದೇ ಬಂದವಳು, ಕೇಳುವ ಮೊದಲೇ ಅವನು ಎದ್ದಿದ್ದ.

ಬಿಳಿಗಟ್ಟಿಯ ದಾರಿಯಲ್ಲಿ ಕೆಸರು ಇನ್ನೂ ಆರಿರಲಿಲ್ಲ. ಜೀಪು ನಿಂತಲ್ಲಿಂದ ನಡೆದೇ ಹೋದರು. ಗುರುಲಿಂಗಪ್ಪನ ಮನೆಯ ಒಂದು ಪಕ್ಕಕ್ಕೆ ಗೋಡೆಯ ಬದಲು ತಾಡಪತ್ರಿ ಕಟ್ಟಿತ್ತು. ಪಡಸಾಲೆಯಲ್ಲಿ ನಾಲ್ಕಾರು ಹೆಂಗಸರು ಪರಿಹಾರದ ಅಕ್ಕಿ ಹಸನು ಮಾಡುತ್ತಿದ್ದರು. ಇಂದುಮತಿಯನ್ನು ಕಂಡು ಕೈ ನಿಲ್ಲಿಸಿದರು. ಗುರುಲಿಂಗಪ್ಪ ಎದ್ದು ನಿಂತ, ಬಾ ಎನ್ನಲಿಲ್ಲ.

“ಮಾವಾ,” ಎಂದಳು ಅವಳು. ಮುಂದೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಹೇಳುವ ಪ್ರಮೇಯವೇ ಬರಲಿಲ್ಲ. ಚೌಡರೆಡ್ಡಿ ಬೂಟು ಕಳಚಿ ಒಳಗೆ ಬಂದವನು ಕುಸಿದ ಗೋಡೆಯ ಕಡೆ ನೋಡಿದ. ಅಲ್ಲಿ ಗೂಟಕ್ಕೆ ಚಂಪಕ್ಕನ ಹಸಿರು ಸೀರೆಯೊಂದು ಒಣಗಿ ತೂಗುತ್ತಿತ್ತು. ಅವನಿಗೆ ಆ ಸೀರೆ ಯಾರದೆಂದು ಯಾರೂ ಹೇಳಿರಲಿಲ್ಲ. ನೇರ ಹೋಗಿ ಅದರ ಸೆರಗು ಹಿಡಿದು, ಅಲ್ಲೇ ನೆಲಕ್ಕೆ ಕುಳಿತು, “ಅಕ್ಕಾ!” ಎಂದು ದನಿ ತೆಗೆದ.

ಕೋಲಾರದ ಹಳ್ಳಿಯ ಅಳು ಅದು. ಅವನ ಮಾತುಗಳಲ್ಲಿ ಅರ್ಧ ಆ ಹೆಂಗಸರಿಗೆ ಹೊಸವು. “ನನ್ ಕೈ ಬಿಟ್ಬುಟ್ಟೆಯಲ್ಲಕ್ಕಾ, ಉಂಡ್ಯಾ ಅಂತ ಕೇಳೋರ್ಯಾರಕ್ಕಾ ಇನ್ನು, ನೀರ್ ಕೇಳ್ದೆ ಹೋದ್ಯಲ್ಲಕ್ಕಾ” ಎಂದು ಅವನು ಎದೆಯೊಡೆದು ಅತ್ತ. ಸೇನೆಯ ಸಮವಸ್ತ್ರದ ಗಂಡಸೊಬ್ಬ ಹೀಗೆ ಅಳುವುದನ್ನು ಬಿಳಿಗಟ್ಟಿ ಯಾವತ್ತೂ ಕಂಡಿರಲಿಲ್ಲ. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಗುರುಲಿಂಗಪ್ಪನ ಅತ್ತಿಗೆ, ಎಲ್ಲರಿಗಿಂತ ಹಿರಿಯಳು, ಮೊರ ಪಕ್ಕಕ್ಕಿಟ್ಟು ಹತ್ತಿರ ಸರಿದು, ಅವನ ಬೆನ್ನ ಮೇಲೆ ಕೈಯಿಟ್ಟು ತಾನೂ ದನಿ ಕೂಡಿಸಿದಳು. ಅವಳ ಹಿಂದೆ ಉಳಿದವರು. ಇಷ್ಟು ದಿನ ಕಟ್ಟಿಕೊಂಡಿದ್ದದ್ದೆಲ್ಲ ಆ ಮನೆಯೊಳಗೆ ಬಿಚ್ಚಿಕೊಂಡಿತು. ನೆರೆಯವರು ಓಡಿಬಂದು ಸೇರಿದರು. ಗುರುಲಿಂಗಪ್ಪ ತಾಡಪತ್ರಿಯ ಕಂಬವನ್ನು ತಬ್ಬಿ ನಿಂತು ಮಕ್ಕಳ ಹಾಗೆ ಅತ್ತ.

ಇಂದುಮತಿ ಹೊಸಿಲ ಬಳಿ ನಿಂತಿದ್ದಳು. ಅಕ್ಕನ ಬಗ್ಗೆ ಆ ಹೆಂಗಸರು ಎತ್ತಿ ಹಾಡುತ್ತಿದ್ದುದೆಲ್ಲ ಅವಳಿಗೆ ಗೊತ್ತಿದ್ದದ್ದೇ, ಹೌದು ಹೌದು ಎನ್ನುವಂತೆ ತಲೆಯಾಡಿಸಿದಳು. ಒಬ್ಬಳು ಒಂದು ಹಬ್ಬದ ಸಂಗತಿಯನ್ನು ತಪ್ಪು ಹೇಳಿದಳು. ತಿದ್ದಬೇಕೆನಿಸಿತು, ತಿದ್ದಲಿಲ್ಲ. ಅಳುತ್ತಿರುವವರ ನಡುವೆ ತಾನೊಬ್ಬಳೇ ಹೊರಗಿನವಳು ಎನಿಸಿತು. ಹಾಗೆ ಅನಿಸಿದ್ದು ನೋವೇ. ಆದರೆ ಅದು ಚಂಪಕ್ಕನಿಗೆ ಸಂಬಂಧಿಸಿದ ನೋವಲ್ಲ, ತನಗೆ ಸಂಬಂಧಿಸಿದ್ದು.

ಅಳು ಇಳಿದ ಮೇಲೆ ಹಿರಿಯಳು ಚೌಡರೆಡ್ಡಿಗೆ ತಾನೇ ಮುಖ ತೊಳೆಯಲು ನೀರು ಕೊಟ್ಟಳು. ಊಟಕ್ಕೆ ಹಾಕಿದರು. ಅವನು ಉಂಡ. ಎಷ್ಟೋ ದಿನದ ಮೇಲೆ ಹೊಟ್ಟೆತುಂಬ ಉಂಡ. ಇವನು ಯಾರು, ಚಂಪಕ್ಕನಿಗೆ ಏನಾಗಬೇಕು ಎಂದು ಗುರುಲಿಂಗಪ್ಪ ಆಗ ಇಂದುಮತಿಯನ್ನು ಕೇಳಿದ. ಅವಳು ಬಿಲ್ಲೆಯ ಕಥೆಯನ್ನು ಆದಷ್ಟು ಸರಳವಾಗಿ ಹೇಳಿದಳು. ಅವನು ಪೂರ್ತಿ ಕೇಳಿದ, ನಂಬಿದನೋ ಇಲ್ಲವೋ. ಹೊರಡುವಾಗ ಅಂಗಳದವರೆಗೂ ಬಂದು ಚೌಡರೆಡ್ಡಿಯ ಎರಡೂ ಕೈ ಹಿಡಿದುಕೊಂಡ.

“ದೀಪಾವಳಿಗೆ ಬರ್ರಿ. ಆಕಿ ಹೋದ ಮ್ಯಾಲ ಮೊದಲನೇ ಹಬ್ಬ. ತವರಿನವರು ಬರಬೇಕು,” ಎಂದ. ಆಮೇಲೆ ಇಂದುಮತಿಯ ಕಡೆ ಅರ್ಧ ತಿರುಗಿ, “ಆಕಿನ್ನೂ ಕರಕೊಂಡ ಬರ್ರಿ,” ಎಂದ.

ಇಬ್ಬರೂ ಜೀಪಿನ ಕಡೆಗೆ ನಡೆದರು. ಕೆಸರಿನಲ್ಲಿ ಬೂಟು ಕೀಳುತ್ತ ಚೌಡರೆಡ್ಡಿ ತಡೆದು ನಿಂತ. ಏನನ್ನೋ ಕೇಳಲು ಅವನು ಬಹಳ ಹೊತ್ತಿನಿಂದ ಹಿಂಜರಿಯುತ್ತಿದ್ದುದು ಇಂದುಮತಿಗೆ ಗೊತ್ತಾಗಿತ್ತು.

“ಮೇಡಂ, ನಂದು ನಿಮಗ್ ಬಂತು ಅಂದ್ರಲ್ಲ.”

“ಹೌದು.”

“ಮಗು ಇದ್ದಿರ್ಬೇಕು ಅದು. ಹಳೆಪೇಟೇಲಿ ತಗಡಿನ್ ಮೇಲೆ ಒಂದು ಕೂಸು ಇತ್ತು. ಯಾರೂ ಇರ್ಲಿಲ್ಲ ಪಕ್ಕದಾಗೆ. ಸತ್ತೋಗಿದೆ ಅಂದ್ಕೊಂಡೇ ಹಗ್ಗ ಹಿಡ್ದು ಇಳ್ದೆ. ಎತ್ಕೊಂಡ್ ತಕ್ಷಣ ಕಾಲು ಒದೀತು. ಜೀವ ಅದೆ! ನನ್ಗೇನೂ ಅನ್ಸ್ಲಿಲ್ಲ. ರಾಗಿ ಮೂಟೆ ಎತ್ದಂಗೆ ಎತ್ತಿ ದೋಣಿಗ್ ಮಡಗ್ದೆ. ಇಪ್ಪತ್ತು ವರ್ಷ ಸರ್ವಿಸು ಮೇಡಂ. ಅದೆಷ್ಟೋ ಹೆಣ ತೆಗ್ದಿದೀನಿ. ಜೀವ ಇರೋದು ಕೈಗ್ ಸಿಕ್ಕಿದ್ದು ಅದೊಂದೇ. ಹೆಂಗಿತ್ತು ಮೇಡಂ ಅದು?”

ಶಾಲೆಯ ಕೋಣೆಯಲ್ಲಿ ನಕ್ಕದ್ದಕ್ಕೆ ಇಂದುಮತಿ ನಾಚಿ ಸತ್ತಿದ್ದಳು, ಅದು ಮರೆತುಹೋಗಲಿ ಎಂದು ಬಯಸಿದ್ದಳು. ಆದರೆ ಈ ಮನುಷ್ಯ ಅವಳ ಅಕ್ಕನಿಗಾಗಿ ಅತ್ತು ಬಂದಿದ್ದ. ಅವಳು ಕಣ್ಣು ಮುಚ್ಚಿ, ಒಂದೂ ಬಿಡದೆ ನೆನಪು ಮಾಡಿಕೊಂಡಳು.

“ಮೊದಲು ಚಳಿ ಇತ್ತು,” ಎಂದಳು. “ಅಂಗೈ ಉರೀತಿತ್ತು. ಆಮೇಲೆ ತೋಳಿನ ಮ್ಯಾಲ ಭಾರ ಬಿತ್ತು. ಹಗೂರಿತ್ತು, ಹಳೇ ಅರಿವಿ ಬಟ್ಟಿ ಗಂಟಿನಂಗ. ಆಮೇಲೆ ಅದು ಒದೀತು. ಒದ್ದ ಕೂಡಲೇ ಅದರ ಭಾರ ಹೆಚ್ಚಾತು, ಎಷ್ಟ್ ಹೆಚ್ಚಾತಂದ್ರೆ ನಾನು ಎಂದೂ ಅಷ್ಟು ಭಾರ ಎತ್ತಿಲ್ಲ. ಮತ್ತ, ಕೆಳಗಿಡಬೇಕು ಅಂತ ಒಂದು ಕ್ಷಣನೂ ಅನ್ನಿಸ್ಲಿಲ್ಲ. ಹೊಟ್ಟೆಯಾಗಿಂದ ಬಿಸಿ ಎದ್ದು ಬಂತು. ನಾನು ನಕ್ಕೆ. ಊರೆಲ್ಲ ಕೇಳೋ ಹಂಗ ನಕ್ಕೆ ಚೌಡರೆಡ್ಡಿಯವರೇ, ನನ್ನ ಅಕ್ಕ ಸತ್ತದ್ದೂ ನನಗೆ ಆಗ ಲಕ್ಷ್ಯ ಇರಲಿಲ್ಲ.”

ಚೌಡರೆಡ್ಡಿ ತಲೆ ತಗ್ಗಿಸಿ ಕೇಳಿಸಿಕೊಂಡ. ದೂರದ ನೆಂಟರ ಮನೆಯ ಒಳ್ಳೆಯ ಸುದ್ದಿ ಕೇಳುವವನ ಮುಖ ಅವನದು. ತೋಳುಗಳನ್ನು ತುಸು ಮುಂದೆ ಚಾಚಿ ನೋಡಿಕೊಂಡ. ಅಲ್ಲಿ ಏನೂ ಇರಲಿಲ್ಲ.

“ಒದೀತು ಅಂದ್ರಲ್ಲ,” ಎಂದ. “ಅಲ್ಲಿಂದ ಇನ್ನೊಂದ್ಸಲ ಯೋಳಿ ಮೇಡಂ.”

ಇಂದುಮತಿ ಜೀಪಿನ ಬಾನೆಟ್ಟಿಗೆ ಒರಗಿ ನಿಂತು, ಮತ್ತೆ ಅಲ್ಲಿಂದ ಹೇಳತೊಡಗಿದಳು.